ಆಸ್ಪತ್ರೆಯಲ್ಲಿ ಮಾತ್ರ ಬಾರದ ಉಬ್ಬಸ

ಭದ್ರಮ್ಮ ಬೈಯಲು ಬಾಯಿ ತೆರೆದಳೆಂದರೆ ಮುಗಿಸುವ ತನಕ ಉಸಿರು ಎಳೆದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಕಾಡುಗೋಡಿಯಿಂದ ಒಂದೂವರೆ ಮೈಲಿ ಆಚೆಗಿದ್ದ ಆ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಪಕ್ಕದ ಮನೆಯ ಕೃಷ್ಣಮ್ಮನ ಹಸು ರಾಗಿ ಹೊಲಕ್ಕೆ ನುಗ್ಗಿದರೆ ಭದ್ರಮ್ಮ ಬದುವಿನ ಮೇಲೆ ನಿಂತು, ಹಸುವಿನಿಂದ ಶುರುಮಾಡಿ, ಅದನ್ನು ಕಟ್ಟದೆ ಬಿಟ್ಟವಳನ್ನು ಹಾದು, ಅಂಥ ಹಸುವನ್ನು ಬಳುವಳಿ ಕೊಟ್ಟ ಅವಳ ತವರಿನವರ ತನಕ ಒಂದೇ ಉಸಿರಿನಲ್ಲಿ ಹೋಗಿ ಬರುತ್ತಿದ್ದಳು. ಕೃಷ್ಣಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡು, ಕೊನೆಗೆ, "ಆಯ್ತೇನಕ್ಕ? ಒಂಚೂರು ಹೆಪ್ಪಿದ್ರೆ ಕೊಡು" ಎನ್ನುತ್ತಿದ್ದಳು. ಅವರಿಬ್ಬರ ನಡುವೆ ದ್ವೇಷವೇನೂ ಇರಲಿಲ್ಲ.

ಹಾಗಾಗಿ ಎಪ್ಪತ್ತೇಳನೇ ಇಸವಿಯ ಸುಗ್ಗಿಯಲ್ಲಿ, ಕಣದಲ್ಲಿ ರಾಗಿ ತೂರುತ್ತಿದ್ದ ಹೊತ್ತಿನಲ್ಲಿ, ಭದ್ರಮ್ಮನ ಬೈಗುಳ ಹಸುವಿನಲ್ಲೇ ನಿಂತುಹೋದಾಗ ಮೊದಲು ಗಾಬರಿಯಾದವಳು ಕೃಷ್ಣಮ್ಮನೇ.

"ಯಾಕಕ್ಕ, ಇಷ್ಟಕ್ಕೇ ನಿಲ್ಲಿಸ್ಬಿಟ್ಟೆ? ನಮ್ಮಮ್ಮನ ತಂಟೆಗೇ ಓಗ್ಲಿಲ್ಲ?"

ಭದ್ರಮ್ಮ ಮೊರವನ್ನು ಕೆಳಗಿಟ್ಟು, ಮಂಡಿಯ ಮೇಲೆ ಎರಡೂ ಕೈ ಊರಿಕೊಂಡು ಬಗ್ಗಿ ನಿಂತಿದ್ದಳು. ಎದೆಯೊಳಗಿಂದ ಬೆಕ್ಕಿನ ಮರಿ ಅತ್ತಂತೆ ಸಣ್ಣ ಸದ್ದು ಬರುತ್ತಿತ್ತು. ಆಗ ಅವಳಿಗೆ ಮೂವತ್ತಾರು ವರ್ಷ. ಹೊಟ್ಟಿನ ದೂಳು ಮೂಗಿಗೆ ಹೋಗಿದೆ, ಬಿಸಿನೀರು ಕುಡಿದರೆ ಹೋಗುತ್ತದೆ ಎಂದರು ಮನೆಯವರು. ಹೋಗಲಿಲ್ಲ. ಸುಗ್ಗಿ ಮುಗಿದ ಮೇಲೆ ಒಲೆಯ ಹೊಗೆಗೆ ಬಂತು, ಹೊಗೆಯಿಲ್ಲದಾಗ ಚಳಿಗೆ ಬಂತು. ಮಾರನೆಯ ವರ್ಷ ಊರ ಪಕ್ಕದಲ್ಲೇ ಹೊಸ ಫ್ಯಾಕ್ಟರಿಗಳಿಗೆಂದು ನೆಲ ಅಗೆದು ಲಾರಿಗಳು ಓಡಾಡತೊಡಗಿದ ಮೇಲೆ ಬರಲು ನೆಪವೇ ಬೇಕಿರಲಿಲ್ಲ.

ಗಂಡ ಆಂಜಿನಪ್ಪ ಅವಳ ಸೋದರತ್ತೆಯ ಮಗ. ಚಿಕ್ಕಂದಿನಿಂದ "ಬಾವ" ಎಂದೇ ಕರೆದು ಅಭ್ಯಾಸ, ಮದುವೆಯಾದ ಮೇಲೂ ಅದು ಬದಲಾಗಲಿಲ್ಲ. ಒಂದೂವರೆ ಎಕರೆ ಹೊಲ, ಒಂದು ಜೊತೆ ಎತ್ತು, ಅದರ ಮೇಲೆ ಅಂಥದೇ ಒಂದು ಹೊಸ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಕೆಲಸ. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಮನುಷ್ಯರೇ ಕೆಲವು ಸಲ ತಲೆಗೆ ಚಿಟ್ಟು ಹಿಡಿಸುವುದು. ಖಾಕಿ ಅಂಗಿ ಹಾಕಿದ ಮೇಲೆ ಅವನಿಗೆ ಎಲ್ಲವೂ ಮರ್ಯಾದೆಯಿಂದ ನಡೆಯಬೇಕು. ಹೆಂಡತಿ ಏದುಸಿರು ಬಿಡುವುದೂ ನಾಲ್ಕು ಜನರ ಮುಂದೆ ನಡೆಯಬಾರದು.

ಅವನೇ ಅವಳನ್ನು ಪಾಪಯ್ಯನ ಹತ್ತಿರ ಕರೆದೊಯ್ದವನು. ಪಾಪಯ್ಯ ಒಂದು ಕಾಲದಲ್ಲಿ ಎಲ್ಲೋ ಕಾಂಪೌಂಡರ್ ಆಗಿದ್ದನಂತೆ. ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಕಾಡುಗೋಡಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹಸಿರು ಪರದೆ ಕಟ್ಟಿದ ಒಂದು ಕೋಣೆ, ಒಳಗೆ ಸೀಮೆಎಣ್ಣೆ ಸ್ಟೌವಿನ ಮೇಲೆ ಸದಾ ಕುದಿಯುವ ಸೂಜಿಗಳು. ಔಷಧಿಯ ಸೀಸೆಗಳನ್ನೆಲ್ಲ ಆತ ನೀರಿನಲ್ಲಿ ನೆನೆಹಾಕಿ ಹೆಸರಿನ ಚೀಟಿ ಕಿತ್ತುಬಿಡುತ್ತಿದ್ದ. ಗುಟ್ಟು ಬಿಟ್ಟರೆ ಗಿರಾಕಿ ಹೋಗುತ್ತಾರೆ ಎಂಬುದು ಅವನ ಲೆಕ್ಕಾಚಾರ. ಆದರೆ ಅವನ ಸೂಜಿ ಕೆಲಸ ಮಾಡುತ್ತಿತ್ತು ಎಂಬುದನ್ನು ಭದ್ರಮ್ಮನೂ ಒಪ್ಪಬೇಕು. ಚುಚ್ಚಿದ ಅರ್ಧ ಗಂಟೆಯಲ್ಲಿ ಎದೆ ಬಿಚ್ಚಿಕೊಳ್ಳುತ್ತಿತ್ತು. ಕೈ ನಡುಗುತ್ತಿತ್ತು, ಗುಂಡಿಗೆ ಡವಡವ ಹೊಡೆದುಕೊಳ್ಳುತ್ತಿತ್ತು, ಆದರೂ ಉಸಿರು ಬರುತ್ತಿತ್ತಲ್ಲ. ಮೊದಲ ವರ್ಷ ಎರಡು ಸಲ ಚುಚ್ಚಿಸಿಕೊಂಡಳು. ಮೂರನೇ ವರ್ಷಕ್ಕೆ ತಿಂಗಳಿಗೊಂದು ಆಯಿತು.

ಇದು ಹೀಗೇ ಬಿಟ್ಟರೆ ಆಗುವುದಿಲ್ಲ, ಪಟ್ಟಣದ ದೊಡ್ಡಾಸ್ಪತ್ರೆಗೆ ತೋರಿಸಬೇಕು ಎಂದು ತೀರ್ಮಾನ ಮಾಡಿದವಳು ಭದ್ರಮ್ಮ. ಹೇಗೆ ತೋರಿಸಬೇಕು ಎಂದು ತೀರ್ಮಾನ ಮಾಡಿದವನು ಆಂಜಿನಪ್ಪ. ಎಡವಟ್ಟಾದದ್ದು ಅಲ್ಲೇ.

ಪಟ್ಟಣಕ್ಕೆ ಹೋಗುವುದೆಂದರೆ ಸುಮ್ಮನೆಯೇ? ಬೆಳಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಒಂದು ಮೊಳ ಕನಕಾಂಬರ ಮುಡಿದು ಹೊರಡಬೇಕು. ಬಂಗಾರಪೇಟೆ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿನಲ್ಲಿ ನಿಂತು, ಇಳಿದು, ಬಸ್ಸು ಹತ್ತಿ, ಆಮೇಲೆ ಆಸ್ಪತ್ರೆಯ ಸಾಲು. ಇಷ್ಟನ್ನೂ ಉಬ್ಬಸದಲ್ಲಿ ಮಾಡುವುದು ಹೇಗೆ? ಹೇಗೂ ಪಾಪಯ್ಯನ ಕೋಣೆ ಸ್ಟೇಷನ್ ದಾರಿಯಲ್ಲೇ ಇದೆ.

"ಒಂದ್ ಸೂಜಿ ಆಕಿಸ್ಕೊಂಡೇ ಓಗಾನ ಭದ್ರಿ. ದೊಡ್ಡ ಡಾಕ್ಟ್ರ ಮುಂದೆ ಇಂಗೆ ಗೊರಗೊರ ಅಂತ ಓಗಿ ನಿಂತ್ಕೊಂಡ್ರೆ ಏನ್ ಚಂದ? ನೀನು ಬಾಯಿ ಬಿಟ್ಟು ಕಾಯ್ಲೆ ಏಳೋಕಾದ್ರೂ ಉಸ್ರು ಬ್ಯಾಡ್ವಾ?"

ಅವಳಿಗೂ ಸರಿ ಅನ್ನಿಸಿತು. ಇದನ್ನು ಇಲ್ಲಿ ಬರೆಯುವಾಗಲೂ ಮೈ ಉರಿಯುತ್ತದೆ, ಆದರೆ ಅವಳಿಗೆ ಸರಿ ಅನ್ನಿಸಿತು. ಮನೆಗೆ ಬೀಗರು ಬರುವ ದಿನ ಅಂಗಳ ಗುಡಿಸಿ ಸಾರಿಸಿದ ಹಾಗೆ, ಗಂಡ ಹೆಂಡತಿ ಸೇರಿ ದೊಡ್ಡ ಡಾಕ್ಟರಿಗೆಂದು ಎದೆಯನ್ನು ಗುಡಿಸಿ ಸಾರಿಸಿಕೊಂಡು ರೈಲು ಹತ್ತಿದರು. ಹತ್ತುವ ಮುಂಚೆ ಆಂಜಿನಪ್ಪ ಇನ್ನೂ ಒಂದು ಎಚ್ಚರಿಕೆ ಕೊಟ್ಟ: "ಅಲ್ಲಿ ಪಾಪಯ್ಯನ ಎಸ್ರು ಎತ್ಬೇಡ. ಇನ್ನೊಬ್ಬ ಡಾಕ್ಟ್ರತ್ರ ಓಗಿದ್ವಿ ಅಂದ್ರೆ ದೊಡ್ಡೋರಿಗೆ ಕ್ವಾಪ ಬರ್ತದೆ."

ಎರಡೂವರೆ ಗಂಟೆ ಸಾಲಿನಲ್ಲಿ ನಿಂತ ಮೇಲೆ ಕನ್ನಡಕ ಹಾಕಿದ ಒಬ್ಬ ತೆಳ್ಳನೆಯ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟರು. ಮುಂದೆ ಇಟ್ಟರು. ಉಸಿರು ಎಳೆದುಕೊಳ್ಳಿ, ಬಿಡಿ ಎಂದರು. ಅವಳು ಎಳೆದುಕೊಂಡಳು, ಬಿಟ್ಟಳು.

"ಚೆನ್ನಾಗಿದೆಯಲ್ಲಮ್ಮ. ಎದೆ ಸ್ವಚ್ಛವಾಗಿದೆ."

"ಇವಾಗ ಚೆನ್ನಾಗದೆ ಸಾ. ಮನೇಲಿದ್ದಾಗ ಬರ್ತದೆ."

"ಎಷ್ಟು ವರ್ಷದಿಂದ?"

ಅವಳು ಕಣದ ದೂಳಿನಿಂದ ಹೇಳಲು ಶುರುಮಾಡಿದಳು. ಒಲೆಯ ತನಕ ಬರುವಷ್ಟರಲ್ಲಿ ಡಾಕ್ಟರು ಚೀಟಿ ಬರೆದು ಮುಗಿಸಿ ಮುಂದಿನವರನ್ನು ಕರೆದಿದ್ದರು. ಕೊಟ್ಟದ್ದು ಶಕ್ತಿಯ ಮಾತ್ರೆ, ಕೆಂಪಗೆ, ಹದಿನಾಲ್ಕು.

ಆ ಮೊದಲ ಸಲವೂ ಸೇರಿ ಮೂರು ವರ್ಷಗಳಲ್ಲಿ ಅವರು ಏಳು ಸಲ ಹೋದರು. ಏಳು ಸಲವೂ ಹಸಿರು ಸೀರೆ, ಪಾಪಯ್ಯನ ಸೂಜಿ, ಪ್ಯಾಸೆಂಜರ್ ರೈಲು. ಏಳು ಸಲವೂ ಬೇರೆ ಬೇರೆ ಡಾಕ್ಟರು. ಹಿಂದಿನ ಚೀಟಿಗಳನ್ನು ಅವಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ ಒಯ್ಯುತ್ತಿದ್ದಳು. ಅದನ್ನು ಬಿಚ್ಚುವ ಮೊದಲೇ "ಎಷ್ಟು ವರ್ಷದಿಂದ?" ಎಂಬ ಪ್ರಶ್ನೆ ಬರುತ್ತಿತ್ತು. ಅವಳು ಮತ್ತೆ ಕಣದಿಂದ ಶುರುಮಾಡಬೇಕು. ಒಲೆ ದಾಟಿ ಲಾರಿಯ ತನಕ ಒಮ್ಮೆಯೂ ತಲುಪಲಿಲ್ಲ. ಕೊನೆಗೆ ಕೊಳವೆ, ಎದೆ ಸ್ವಚ್ಛ, ಕೆಂಪು ಮಾತ್ರೆ. ಸಂಜೆ ಮನೆಗೆ ಬಂದು ಹಸಿರು ಸೀರೆ ಬಿಚ್ಚಿ ಮಡಿಸುವ ಹೊತ್ತಿಗೆ ಸರಿಯಾಗಿ ಬೆಕ್ಕಿನ ಮರಿ ಅಳಲು ಶುರುಮಾಡುತ್ತಿತ್ತು. ಅದಕ್ಕೇನಾದರೂ ಮೈಯಲ್ಲಿ ಮಾನ ಮರ್ಯಾದೆ ಇತ್ತೇ?

ಐದನೇ ಸಲ ಸಿಕ್ಕ ಡಾಕ್ಟರು ಚೀಟಿಗಳನ್ನು ನೋಡಿದರು. ಒಬ್ಬರಾದರೂ ನೋಡಿದರಲ್ಲ ಎಂದು ಭದ್ರಮ್ಮ ಹಿಗ್ಗಿದಳು. ಅವರು ಎಲ್ಲವನ್ನೂ ತಿರುವಿ ಹಾಕಿ, ಅವಳನ್ನು ಬಿಟ್ಟು ಆಂಜಿನಪ್ಪನ ಕಡೆ ತಿರುಗಿದರು.

"ಇಷ್ಟು ಸಲ ನೋಡಿದರೂ ಏನೂ ಸಿಕ್ಕಿಲ್ಲ. ಮನೇಲಿ ಜಗಳ ಗಿಗಳ ಇದೆಯೇನ್ರೀ? ಕೆಲವರಿಗೆ ಮನಸ್ಸಿನಿಂದಲೂ ಹೀಗಾಗುತ್ತೆ."

ಆಂಜಿನಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ಇಲ್ಲ ಎಂದಿದ್ದರೆ ಸಾಕಿತ್ತು. "ಜಗಳ ಅಂತಲ್ಲ ಸಾ. ಇವ್ಳಿಗೆ ವಸಿ ಬಾಯಿ ಜಾಸ್ತಿ" ಎಂದ.

ಡಾಕ್ಟರು ತಲೆಯಾಡಿಸಿ ನಿದ್ದೆಯ ಮಾತ್ರೆ ಬರೆದುಕೊಟ್ಟರು. ವಾಪಸು ಬರುವಾಗ ರೈಲಿನಲ್ಲಿ ಕೃಷ್ಣರಾಜಪುರ ದಾಟುವ ತನಕ ಭದ್ರಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ ಮಾತ್ರೆಯ ಪೊಟ್ಟಣವನ್ನು ಕಿಟಕಿಯಿಂದ ಆಚೆ ಎಸೆದಳು. ಡಾಕ್ಟರು ಅಂದದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು. ಬಾವ ಅಂದದ್ದಕ್ಕೆ ದುಃಖ ಬಂದಿತ್ತು. ಇವನೂ ನಂಬುವುದಿಲ್ಲ ಎಂದಾದರೆ ಇನ್ನು ತಾನು ಯಾರಿಗೆ ಹೇಳುವುದು? ಜಗಳವಾಡೋಣವೆಂದರೆ ಅದಕ್ಕೂ ಉಸಿರು ಬೇಕು. ಇದ್ದಬದ್ದ ಉಸಿರನ್ನು ಮನೆಗೆ ನಡೆಯಲು ಉಳಿಸಿಕೊಳ್ಳಬೇಕಿತ್ತು.

ಆ ಮೇಲೆ ಸೂಜಿ ವಾರಕ್ಕೊಂದಾಯಿತು, ಎರಡಾಯಿತು. ಬಾವಿಯಿಂದ ಮನೆಗೆ ನೀರು ತರುವಾಗ ಮೂರು ಕಡೆ ಕೊಡ ಇಳಿಸಬೇಕಾಯಿತು. ಆಮೇಲೆ ನೀರು ತರುವುದೇ ನಿಂತಿತು. ಇದರ ನಡುವೆ ಅವಳ ಮುಖ ದಿನದಿನಕ್ಕೆ ತುಂಬಿಕೊಳ್ಳತೊಡಗಿತು. ಕೆನ್ನೆ ಎರಡೂ ಉಬ್ಬಿ ಹೊಳೆಯುತ್ತಿದ್ದವು. ನೋಡಿದವರೆಲ್ಲ, "ಪರವಾಗಿಲ್ವೆ ಭದ್ರಮ್ಮ, ಮೈ ಕೈ ತುಂಬ್ಕೊಂಡಿದೀಯ" ಎನ್ನುವವರೇ. ಅತ್ತೆ ಪಿಳ್ಳಮ್ಮನಂತೂ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಕುಟ್ಟುತ್ತ, ಬಂದು ಹೋಗುವವರಿಗೆಲ್ಲ ಹೇಳುತ್ತಿದ್ದಳು: "ಕಾಯ್ಲೆ ಅಂತೆ ಕಾಯ್ಲೆ. ಕಾಯ್ಲೆ ಬಂದೋಳ ಮಕ ಇಂಗಿರ್ತದಾ? ನೀರು ತರೋಕಾಗಲ್ಲ ಅಷ್ಟೇಯ." ಪಿಳ್ಳಮ್ಮ ಅವಳ ಅಪ್ಪನ ಒಡಹುಟ್ಟಿದ ಅಕ್ಕ. ಬೇರೆ ಯಾರಾದರೂ ಆಗಿದ್ದರೆ ಭದ್ರಮ್ಮ ಸುಮ್ಮನಿರುತ್ತಿದ್ದಳೋ ಏನೋ. ಬಾಯಿ ತೆರೆದಳು, ನಾಲ್ಕು ಮಾತಿಗೆ ಕೆಮ್ಮು ಬಂತು. ಅತ್ತೆ ಗೆದ್ದ ಮುಖ ಮಾಡಿಕೊಂಡು ಎಲೆಗೆ ಸುಣ್ಣ ಹಚ್ಚಿದಳು.

ಎಂಬತ್ತಮೂರನೇ ಇಸವಿ, ಕಾರ್ತೀಕ ಕಳೆದು ಚಳಿ ಬಿದ್ದಿತ್ತು. ಬಲಗಡೆಯ ಎತ್ತು ಕುಂಟತೊಡಗಿತು. ಆಂಜಿನಪ್ಪ ಮೂಗುದಾರ ಹಿಡಿದು ಅದನ್ನು ಹಾಗೇ ಕಾಡುಗೋಡಿಗೆ ನಡೆಸಿಕೊಂಡು ಹೋದ. ಮಧ್ಯಾಹ್ನಕ್ಕೆ ಬಂದವನ ಮುಖ ಅರಳಿತ್ತು.

"ದನದ ಡಾಕ್ಟ್ರು ಅಂದ್ರೆ ಅಂಗಿರ್ಬೇಕು ಭದ್ರಿ. ನಾನು ಬಾಯೇ ಬಿಡ್ಲಿಲ್ಲ. ಎತ್ತು ಗೇಟೊಳಿಕ್ಕೆ ಬರೋದ್ನ ಅಲ್ಲಿಂದ್ಲೇ ನೋಡಿ, ಇಂದಿನ ಬಲಗಾಲು, ಗೊರಸಲ್ಲಿ ಏನೋ ಚುಚ್ಚದೆ ಅಂದ್ರು. ಇಷ್ಟುದ್ದ ಮೊಳೆ! ಎಂಟು ದಿನ ಬಿಟ್ಟು ಮತ್ತೆ ಕರ್ಕೊಂಡು ಬಾ ಅಂದವ್ರೆ."

ಎಂಟು ದಿನ ಬಿಟ್ಟು ಕರೆದುಕೊಂಡು ಹೋದ. ಬಂದು ಹೇಳಿದ: "ನೋಡಿದ ತಕ್ಷಣ ಗುರ್ತಿಡಿದ್ಬಿಟ್ರು. ಇದು ಮೊಳೆ ಚುಚ್ಚಿದ ಎತ್ತಲ್ವೇನಪ್ಪ ಅಂದ್ರು!"

ಭದ್ರಮ್ಮ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು. ಅವಳ ಹೊಟ್ಟೆ ಉರಿದುಹೋಯಿತು. ಎತ್ತಿನ ಕಾಲನ್ನು ಎಂಟು ದಿನದ ಮೇಲೂ ನೆನಪಿಡುವ ಡಾಕ್ಟರಿದ್ದಾರೆ. ತನ್ನ ಎದೆಯನ್ನು ಏಳು ಜನ ನೋಡಿದರೂ ಒಬ್ಬರ ತಲೆಯಲ್ಲೂ ಅದು ನಿಲ್ಲಲಿಲ್ಲ. ಆ ಎತ್ತಿನಲ್ಲಿ ಇದ್ದದ್ದೇನು, ತನ್ನಲ್ಲಿ ಇಲ್ಲದ್ದೇನು? ಹಾಗೆ ಯೋಚಿಸುತ್ತಿದ್ದವಳು ತಟ್ಟನೆ ನೆಟ್ಟಗೆ ಕೂತಳು.

"ಬಾವ," ಎಂದಳು. ಉಸಿರೆಳೆದುಕೊಂಡಳು. "ಎತ್ತಿಗೆ... ಸೂಜಿ ಆಕಿಸ್ಕೊಂಡು ಓದ್ಯಾ?"

"ಎತ್ತಿಗ್ಯಾಕೆ ಸೂಜಿ?"

"ಕುಂಟ್ಕೊಂಡು ಓದ್ರೆ... ಮರ್ವಾದೆ ಓಗಲ್ವಾ?" ಮತ್ತೆ ಉಸಿರು. "ಎತ್ತನ್ನ ಕುಂಟಿಸ್ಕೊಂಡೇ ಓದೆ. ಅದ್ಕೇ ಕಾಣಿಸ್ತು. ನನ್ನ ಮಾತ್ರ... ತಿಕ್ಕಿ ತೊಳ್ದು ಕರ್ಕೊಂಡು ಓಗ್ತೀಯಲ್ಲ. ಅವ್ರಿಗೆ ಏನ್ ಕಾಣಿಸ್ಬೇಕು, ನನ್ನ ಸೀರೇನಾ?"

ಆಂಜಿನಪ್ಪ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಕ್ಕರಿಸಿದ. ಈ ಸಲ ಹೇಗೆ ತೋರಿಸಬೇಕು ಎಂಬುದನ್ನೂ ಭದ್ರಮ್ಮನೇ ತೀರ್ಮಾನ ಮಾಡಿದಳು.

ಮೂರು ದಿನ ಸೂಜಿಯಿಲ್ಲದೆ ಇದ್ದು, ನಾಲ್ಕನೆಯ ದಿನ, ಒಂದು ಸೋಮವಾರ, ಹೊರಟರು. ಹಸಿರು ಸೀರೆಯನ್ನು ಅವಳು ಮುಟ್ಟಲಿಲ್ಲ. ಮನೆಯಲ್ಲಿ ಉಟ್ಟದ್ದನ್ನೇ ಉಟ್ಟು, ಆಂಜಿನಪ್ಪನ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ನಡೆದಳು. ಒಂದೂವರೆ ಮೈಲಿಗೆ ಒಂದೂವರೆ ಗಂಟೆ ಹಿಡಿಯಿತು. ಪಾಪಯ್ಯ ಹಸಿರು ಪರದೆ ಸರಿಸಿ ಬಾಗಿಲಲ್ಲೇ ನಿಂತಿದ್ದ. ಒಳಗೆ ಸೂಜಿ ಕುದಿಯುತ್ತಿತ್ತು.

"ಬರ್ರಿ ಬರ್ರಿ, ಎರಡೇ ನಿಮಿಷ."

ಭದ್ರಮ್ಮ ತಲೆಯಾಡಿಸಿ ಮುಂದೆ ನಡೆದಳು.

"ದಾರೀಲಿ ಏನಾನ ಆದ್ರೆ ನನ್ನ ಕೇಳ್ಬ್ಯಾಡಿ ಮತ್ತೆ!" ಎಂದು ಪಾಪಯ್ಯ ಹಿಂದಿನಿಂದ ಕೂಗಿದ. ಆಂಜಿನಪ್ಪ ಎರಡು ಸಲ ತಿರುಗಿ ನೋಡಿದ.

ರೈಲಿನಲ್ಲಿ ಅವಳಿಗೆ ಕೂರಲು ಜಾಗ ಬಿಟ್ಟರು. ಒಬ್ಬರು ನೀರು ಕೊಟ್ಟರು. ಒಬ್ಬರು, ಇಂಥವರನ್ನು ರೈಲಿನಲ್ಲಿ ಕರೆತರುತ್ತಾರೇನ್ರೀ ಎಂದು ಆಂಜಿನಪ್ಪನನ್ನು ಬೈದರು. ಅವಳ ತುಟಿ ಕಪ್ಪಿಟ್ಟು, ಕತ್ತಿನ ನರಗಳು ಎದ್ದು, ಎರಡು ಹೆಗಲೂ ಕಿವಿಯ ತನಕ ಏರಿ ಇಳಿಯುತ್ತಿದ್ದವು. ಅವಳಿಗೆ ಭಯವಾಗಿತ್ತು, ಸುಳ್ಳು ಹೇಳಬಾರದು. ಸತ್ತೇ ಹೋದರೆ? ಹೋದರೆ ಹೋಗಲಿ, ಎಲ್ಲರಿಗೂ ಕಾಣುವ ಹಾಗೆ ಹೋಗುತ್ತೇನೆ ಎಂದುಕೊಂಡಳು. ಆಂಜಿನಪ್ಪ ಅಳುಮುಖ ಮಾಡಿಕೊಂಡು, "ಇಳಿದು ಯಾರತ್ರನಾದ್ರೂ ಒಂದ್ ಸೂಜಿ ಆಕಿಸ್ಬಿಡಾನ ಭದ್ರಿ, ನಿನ್ನ ದಮ್ಮಯ್ಯ" ಎಂದ. ಅವಳು ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು, ಬೇಡ ಎಂದು ತಲೆಯಾಡಿಸಿದಳು.

ಆಸ್ಪತ್ರೆಯ ಬಾಗಿಲು ಮುಟ್ಟಿದರು. ಸಾಲು ಎಂದಿನಷ್ಟೇ ಉದ್ದವಿತ್ತು. ಆದರೆ ಬಾಗಿಲ ಹತ್ತಿರ ನಿಂತಿದ್ದ ಸಿಸ್ಟರ್ ಒಬ್ಬರು ಅವಳನ್ನು ಕಂಡದ್ದೇ ತಡ, ಸಾಲೂ ಬೇಡ ಚೀಟಿಯೂ ಬೇಡ ಎಂದು ಕೈಹಿಡಿದು ಪಕ್ಕದ ಕೋಣೆಗೆ ಎಳೆದೊಯ್ದು ಮಂಚದ ಮೇಲೆ ಕೂರಿಸಿದರು. ಭದ್ರಮ್ಮನ ಕಣ್ಣಲ್ಲಿ ನೀರು ಬಂತು. ಕಡೆಗೂ ಕಾಣಿಸಿತು!

ಆಮೇಲೆ ನೋಡುತ್ತಾಳೆ, ಸಿಸ್ಟರ್ ಕೈಯಲ್ಲಿ ಸೂಜಿ.

ಅವಳು ಕೈ ಕೊಸರಿಕೊಂಡಳು. ಬೇಡ, ಮೊದಲು ಡಾಕ್ಟರು ನೋಡಲಿ ಎಂದು ಹೇಳಬೇಕು, ಮಾತು ಹೊರಡದು. ಸಿಸ್ಟರ್ ಅದನ್ನು ಹೆದರಿಕೆ ಎಂದುಕೊಂಡರು. "ಏನ್ರೀ, ನೋಡ್ತಾ ನಿಂತಿದ್ದೀರಿ, ಕೈ ಹಿಡ್ಕೊಳ್ರೀ!" ಆಂಜಿನಪ್ಪನಿಗೆ ಅಷ್ಟು ಸಾಕಿತ್ತು. ಬೆಳಗಿನಿಂದ ಸೂಜಿ ಸೂಜಿ ಎಂದು ಜಪ ಮಾಡುತ್ತಿದ್ದವನು ಎರಡೂ ಕೈಯಲ್ಲಿ ಅವಳ ತೋಳನ್ನು ಭದ್ರವಾಗಿ ಹಿಡಿದುಕೊಟ್ಟ. ಸಿಸ್ಟರ್ ನಿಧಾನವಾಗಿ, ಐದು ನಿಮಿಷ ಹಿಡಿದು, ನರಕ್ಕೆ ಔಷಧಿ ಹಾಕಿದರು. ಮಾಡಬೇಕಾದದ್ದನ್ನೇ ಮಾಡಿದರು, ಅವರನ್ನು ಏನೆನ್ನುವುದು? ಅರ್ಧ ಗಂಟೆಯಲ್ಲಿ ಭದ್ರಮ್ಮನ ಹೆಗಲು ಇಳಿಯಿತು, ತುಟಿಗೆ ಬಣ್ಣ ಬಂತು.

ಆಗ ಡಾಕ್ಟರು ಬಂದರು. ಹೆಂಗಸು, ಚಿಕ್ಕ ವಯಸ್ಸು, ನಿದ್ದೆಯಿಲ್ಲದ ಕಣ್ಣು. ಕೊಳವೆ ಇಟ್ಟು, ಉಸಿರೆಳೆದುಕೊಳ್ಳಿ, ಬಿಡಿ ಎಂದು, ಹಿಂದೆ ಮುಂದೆ ಕೇಳಿಸಿಕೊಂಡು ಹೇಳಿದರು: "ಈಗ ಎದೆ ಸ್ವಚ್ಛವಾಗಿದೆಯಮ್ಮ. ಎಷ್ಟು ವರ್ಷದಿಂದ?"

ಆರು ವರ್ಷಗಳಿಂದ ಒಳಗೇ ಕಟ್ಟಿಕೊಂಡಿದ್ದದ್ದು ಆಗ ಹೊರಗೆ ಬಂತು.

"ಸ್ವಚ್ಛವಾಗಿರ್ದೆ ಇನ್ನೇನಾಗಿರ್ತದೆ ತಾಯಿ, ಮೂರು ವರ್ಸದಿಂದ ಗುಡಿಸಿ ಸಾರಿಸಿ ನಿಮ್ಮುಂದೆ ತಂದು ಇಡ್ತಾವ್ನಲ್ಲ ಈ ಮಾರಾಯ, ಪಾಪಯ್ಯನ ಸೂಜಿ ಆಕ್ಸಿ, ಉಸ್ರು ಬಿಡಿಸಿ, ಊವ ಮುಡಿಸಿ ಕರ್ಕೊಂಡು ಬತ್ತಾನೆ, ನೀವು ಸ್ವಚ್ಛವಾಗದೆ ಅಂತ ಕೆಂಪು ಮಾತ್ರೆ ಕೊಡ್ತೀರಿ, ಮನೆಗೋದ್ರೆ ಮತ್ತೆ ಅದೇ ಗೊರಗೊರ, ಒಬ್ಬ್ರು ಮನಸ್ಸಿನ ಕಾಯ್ಲೆ ಅಂದ್ರು, ಇವನು ಬಾಯಿ ಜಾಸ್ತಿ ಅಂದ, ಇವರವ್ವ ಮೈ ಬಂದದೆ ಅಂತಾಳೆ, ಅದ್ಕೇ ಇವತ್ತು ಸೂಜೀನೂ ಬ್ಯಾಡ, ಊವಾನೂ ಬ್ಯಾಡ, ಸತ್ರೂ ಪರವಾಗಿಲ್ಲ ಅಂತ ಉಬ್ಬಸ ಒತ್ಕೊಂಡು ಇಲ್ಲೀಗಂಟ ಬಂದ್ರೆ, ಈವಮ್ಮ ಬಾಗಿಲಲ್ಲೇ ಚುಚ್ಚಿ ಅದ್ನೂ ಓಡಿಸಿದ್ರಲ್ಲ, ಇನ್ನ ನಾನು ಯಾವ ಜನ್ಮದಲ್ಲಿ ನಿಮಗೆ ತೋರಿಸ್ಲಿ?"

ಒಂದೇ ಉಸಿರು. ಸಾಲಿನಲ್ಲಿದ್ದವರೆಲ್ಲ ಕೋಣೆಯೊಳಗೆ ಇಣುಕಿದರು. ಸಿಸ್ಟರ್ ಕೈ ಕೆನ್ನೆಯ ಮೇಲಿತ್ತು. ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ಬರೋ ಮುಂಚೆ ಪ್ರತಿ ಸಲವೂ ಸೂಜಿ ಹಾಕಿಸಿಕೊಂಡು ಬರ್ತಿದ್ರಾ? ಇದನ್ನ ಯಾರಿಗೂ ಹೇಳಲಿಲ್ವಾ?"

"ಯಾರು ಕೇಳಿದ್ರು?" ಎಂದಳು ಭದ್ರಮ್ಮ. ಆಂಜಿನಪ್ಪ ನೆಲ ನೋಡಿದ.

ಡಾಕ್ಟರಮ್ಮ ಬೈಯಲಿಲ್ಲ. "ಇವತ್ತು ಊರಿಗೆ ಹೋಗಬೇಡಿ. ಆಚೆ ಬೆಂಚಿನ ಮೇಲೆ ಕೂತಿರಿ. ಮತ್ತೆ ಶುರುವಾದ ಕೂಡಲೇ ನನ್ನನ್ನೇ ಕರೆಸಿ. ನಾನು ಬರೋತನಕ ಯಾರೂ ಸೂಜಿ ಹಾಕಬೇಡಿ" ಎಂದು ಸಿಸ್ಟರಿಗೂ ಹೇಳಿ ಹೋದರು.

ಹೀಗೆ ಗಂಡ ಹೆಂಡತಿ ಉಬ್ಬಸಕ್ಕಾಗಿ ಕಾಯುತ್ತ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಬೇಡವೆಂದಾಗ ಒಲೆ ಮುಂದೆ, ಬಾವಿ ಹತ್ತಿರ, ದೇವರ ಮುಂದೆ ಎನ್ನದೆ ಬರುವ ದರಿದ್ರ ಈಗ ಎಲ್ಲಿ ಹೋಯಿತೋ. ಆಂಜಿನಪ್ಪ ಹತ್ತು ನಿಮಿಷಕ್ಕೊಮ್ಮೆ "ಬಂತಾ?" ಎಂದು ಕೇಳುತ್ತಿದ್ದ. ಅವಳು ಎದೆಯ ಮೇಲೆ ಕೈಯಿಟ್ಟು ನೋಡಿ "ಇಲ್ಲ" ಎನ್ನುತ್ತಿದ್ದಳು. ಎರಡು ಗಂಟೆಗೆ ಕಸ ಗುಡಿಸುವ ಹೆಂಗಸು ದೂಳೆಬ್ಬಿಸುತ್ತ ಬಂದಳು. ಎಲ್ಲರೂ ಮೂಗಿಗೆ ಸೆರಗು ಹಿಡಿದು ದೂರ ಸರಿದರೆ ಭದ್ರಮ್ಮ ಎದ್ದು ಹೋಗಿ ದೂಳಿನ ನಡುವೆಯೇ ನಿಂತಳು. "ಇತ್ಲಾಗೂ ಇನ್ನೊಂದು ಸಲ ಗುಡಿಸವ್ವ" ಎಂದಳು. ಆ ಹೆಂಗಸು ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ಆಂಜಿನಪ್ಪನ ಕಡೆ ನೋಡಿದಳು. "ಗುಡಿಸಕ್ಕ, ಗುಡಿಸು" ಎಂದ ಅವನು ಕೈಮುಗಿದು.

ಮೂರೂವರೆಗೆ ಬೆಕ್ಕಿನ ಮರಿ ಅತ್ತಿತು. ಆಂಜಿನಪ್ಪ "ಬಂತು, ಬಂತು!" ಎಂದು ಕೂಗುತ್ತ, ಫ್ಯಾಕ್ಟರಿಯ ಸೈರನ್ ಕೇಳಿದವನಂತೆ, ಡಾಕ್ಟರಮ್ಮನನ್ನು ಹುಡುಕಿಕೊಂಡು ಓಡಿದ.

ಡಾಕ್ಟರಮ್ಮ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಏನನ್ನಿಸಿತೋ, ಕೊಳವೆಯನ್ನು ತಮ್ಮ ಕಿವಿಯಿಂದ ತೆಗೆದು ಆಂಜಿನಪ್ಪನ ಕಿವಿಗೆ ಹಾಕಿದರು. ಇನ್ನೊಂದು ತುದಿ ಭದ್ರಮ್ಮನ ಬೆನ್ನಿನ ಮೇಲೇ ಇತ್ತು.

ಆಂಜಿನಪ್ಪ ಕೇಳಿಸಿಕೊಂಡ. ಒಂದಲ್ಲ, ಬೆಕ್ಕಿನ ಮರಿಗಳ ಹಿಂಡೇ ಒಳಗಿತ್ತು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಒಂದೊಂದು ಉಸಿರಿಗೂ ಅಷ್ಟೂ ಒಟ್ಟಿಗೆ ಚೀರುತ್ತಿದ್ದವು. ಅವನ ಮುಖ ಬಿಳಿಚಿಕೊಂಡಿತು.

"ಆರು ವರ್ಸದಿಂದ ಇಂಗೇ ಕೂಗ್ತಿತ್ತಾ ಭದ್ರಿ ಇದು?"

"ನಾನೂ... ಕೂಗ್ತಿದ್ನಲ್ಲ ಬಾವ" ಎಂದಳು ಅವಳು.

ಅವಳ ಊದಿದ ಕೆನ್ನೆಯನ್ನು ಡಾಕ್ಟರಮ್ಮ ಬೆರಳಿನಿಂದ ಮುಟ್ಟಿ ನೋಡಿದರು. ಇದು ಮೈ ಬಂದದ್ದಲ್ಲ, ಆ ಹೆಸರಿಲ್ಲದ ಸೂಜಿ ಮಾಡಿದ ಕೆಲಸ ಎಂದರು. ಆ ಔಷಧಿಯನ್ನು ಒಮ್ಮೆಗೇ ನಿಲ್ಲಿಸಬಾರದು, ಸೂಜಿಯ ಬದಲು ಮಾತ್ರೆಯಾಗಿ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಜೊತೆಗೆ ಬೇರೆ ಮಾತ್ರೆ ದಿನವೂ ನುಂಗಬೇಕು. ಉಬ್ಬಸ ಬಂದಾಗ ಮಾತ್ರವಲ್ಲ, ಚೆನ್ನಾಗಿದ್ದಾಗಲೂ. ತಿಂಗಳಿಗೊಂದು ಸೋಮವಾರ ಬಂದು ತಮ್ಮನ್ನೇ ಕಾಣಬೇಕು. ಆರು ವರ್ಷದಲ್ಲಿ ಯಾರೂ "ಮತ್ತೆ ಬನ್ನಿ, ನನ್ನ ಹತ್ತಿರವೇ ಬನ್ನಿ" ಎಂದಿರಲಿಲ್ಲ. ಭದ್ರಮ್ಮ ಆ ಮಾತನ್ನು ದಾರಿಯುದ್ದಕ್ಕೂ ನೆನೆಸಿಕೊಂಡಳು.

ನಾಲ್ಕು ತಿಂಗಳು ಹಾಗೇ ನಡೆಯಿತು. ಕೆನ್ನೆ ಇಳಿಯಿತು. ಅತ್ತೆ ಈಗ, "ಯಾಕೋ ಬಡವಾದ್ಲು ಪಾಪ" ಎನ್ನತೊಡಗಿದಳು. ಆ ಬಾಯಿಗೆ ಏನು ಹೇಳುವುದು? ಭದ್ರಮ್ಮ ಮತ್ತೆ ಅರ್ಧ ಕೊಡ ನೀರು ತರುವಷ್ಟಾದಳು. ಕೃಷ್ಣಮ್ಮನ ತವರಿನ ತನಕ ಹೋಗಲು ಆಗುತ್ತಿರಲಿಲ್ಲ, ಕೃಷ್ಣಮ್ಮನ ತನಕ ಆರಾಮವಾಗಿ ಹೋಗುತ್ತಿದ್ದಳು. ಸ್ಟೇಷನ್ ದಾರಿಯಲ್ಲಿ ಪಾಪಯ್ಯ ಅವರನ್ನು ಕಂಡರೆ ಪರದೆ ಎಳೆದುಕೊಳ್ಳುತ್ತಿದ್ದ.

ಐದನೆಯ ಸೋಮವಾರ ಹೋದರೆ ಡಾಕ್ಟರಮ್ಮನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವರಿಗೆ ವರ್ಗವಾಗಿದೆ ಎಂದರು ಸಿಸ್ಟರ್. ಎಲ್ಲಿಗೆ ಎಂದರೆ ಯಾವುದೋ ದೂರದ ಜಿಲ್ಲೆಗೆ. ಹೊಸ ಡಾಕ್ಟರು ಚೀಟಿಯ ಕಡೆ ನೋಡಲಿಲ್ಲ. ಕೊಳವೆ ಇಟ್ಟು ಕೇಳಿಸಿಕೊಂಡರು.

"ಚೆನ್ನಾಗಿದ್ದೀರಲ್ಲಮ್ಮ, ಎದೆ ಸ್ವಚ್ಛವಾಗಿದೆ. ಎಷ್ಟು ವರ್ಷದಿಂದ?"

ಭದ್ರಮ್ಮ ಕಣ್ಣು ಮುಚ್ಚಿದಳು. ಮತ್ತೆ ಕಣ, ಮತ್ತೆ ಒಲೆ, ಮತ್ತೆ ಲಾರಿ. ಉಸಿರೆಳೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಆಂಜಿನಪ್ಪ ಮುಂದೆ ಬಂದ. ಟೋಪಿಯನ್ನು ಮೇಜಿನ ಮೇಲೆ, ಡಾಕ್ಟರ ಕಾಗದಗಳ ಮೇಲೇ ಇಟ್ಟ.

"ಏಳು ವರ್ಸ ಆಯ್ತು ಸಾ.  ಸ್ವಚ್ಛವಾಗಿರೋದು ಮಾತ್ರೆ ನುಂಗ್ತಾ ಇರೋದ್ರಿಂದ. ಮಾತ್ರೆ ನಿಲ್ಲಿಸ್ಬ್ಯಾಡಿ. ಎಪ್ಪತ್ತೇಳ್ರಲ್ಲಿ ಕಣದಲ್ಲಿ ರಾಗಿ ತೂರೋವಾಗ ಸುರುವಾಗಿದ್ದು. ಪೂರ್ತಿ ಏಳ್ತೀನಿ, ನೀವು ಮುಂದಿನೋರ್ನ ಕರೀಬ್ಯಾಡಿ. ಒಳಗೆ ಎಂಗೆ ಕೂಗ್ತದೆ ಅಂತ ನಾನು ಕೇಳಿದೀನಿ ಸಾ. ನನ್ನ ಕಿವಿಯಾರ ಕೇಳಿದೀನಿ."

ಅವನು ಕಣದಿಂದ ಶುರುಮಾಡಿ ಒಲೆ ದಾಟಿ, ಲಾರಿ ದಾಟಿ, ಪಾಪಯ್ಯನ ಸೂಜಿಯನ್ನೂ ತನ್ನ ತಪ್ಪನ್ನೂ ಬಿಡದೆ ಹೇಳುತ್ತಾ ಹೋದ. ಡಾಕ್ಟರು ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಭದ್ರಮ್ಮ ತೆರೆದ ಬಾಯಿಯನ್ನು ಮುಚ್ಚಿ, ಎಳೆದುಕೊಂಡಿದ್ದ ಉಸಿರನ್ನು ಮೆಲ್ಲಗೆ ಬಿಟ್ಟು, ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತಳು.